ಸೇವಾರ್ಥ ವಾಟರ್ಲೂ

ವಾಟರ್ಲೂ ಕದನವನ್ನು ನಾನು ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಒಂಬತ್ತನೇ ತರಗತಿ, ಸಮಾಜ ವಿಜ್ಞಾನ, ನೆಪೋಲಿಯನ್ನನ ಸೋಲಿಗೆ ಐದು ಕಾರಣಗಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಐದನ್ನೂ ಸಾಲಾಗಿ ಒಪ್ಪಿಸಬಲ್ಲೆ. ಹಾಗೆ ಒಪ್ಪಿಸಿದ ಹುಡುಗರು ಜಾಣರು, ಒಪ್ಪಿಸದವರು ದಡ್ಡರು, ದಡ್ಡರಿಗೆ ಹುಣಸೆ ಬರಲು. ಇದು ನನ್ನ ಪದ್ಧತಿಯಾಗಿತ್ತು. ತಮಿಳುನಾಡಿಗೆ ಸೇರಿಹೋದ ನಮ್ಮ ತಾಳವಾಡಿ ಸೀಮೆಯಲ್ಲಿ ವೃಷಭೇಂದ್ರ ಮೇಷ್ಟ್ರು ಬರುತ್ತಿದ್ದಾರೆ ಎಂದರೆ ಇವತ್ತಿಗೂ ಐವತ್ತರ ಗಂಡಸರು ಬೀಡಿ ಬಚ್ಚಿಡುತ್ತಾರೆ. ಅದನ್ನು ನಾನು ಗೌರವ ಎಂದುಕೊಂಡಿದ್ದೆ.

ನಿವೃತ್ತನಾದ ಮೇಲೆ ಮಾಡಲು ಕೆಲಸವಿಲ್ಲದೆ ಫೋನು ಹಿಡಿದೆ. ಅದರಲ್ಲಿ ಒಂದು ದಿನ ಯಾವುದೋ ದೇಶದ ಮುದುಕರು ಕಂಡರು. ಕಣದಷ್ಟು ಅಗಲದ ಮೇಜು, ಮೇಲೆ ಹಸಿರು ಬಟ್ಟೆ, ಗುಡ್ಡ, ಹಳ್ಳ, ಬೆರಳುದ್ದದ ನೂರಾರು ಸೈನಿಕರು. ಮುದುಕರು ದಾಳ ಎಸೆಯುವುದೇನು, ಅಳತೆಪಟ್ಟಿ ಹಿಡಿದು ಸೈನಿಕರನ್ನು ಸರಿಸುವುದೇನು, ಸತ್ತವರನ್ನು ಎತ್ತಿ ಡಬ್ಬಿಗೆ ಹಾಕುವುದೇನು! ನಡೆದು ಇನ್ನೂರು ವರ್ಷವಾದ ವಾಟರ್ಲೂವನ್ನು ಮತ್ತೆ ಮೊದಲಿನಿಂದ ಆಡುತ್ತಿದ್ದರು. ಅಯ್ಯೋ ಶಿವನೇ, ಇಂಥದೊಂದು ಆಟ ಲೋಕದಲ್ಲಿದೆ ಎಂದು ಯಾರೂ ನನಗೆ ಹೇಳಿರಲೇ ಇಲ್ಲ. ಊಟ ಬಿಟ್ಟು ನೋಡಿದೆ.

ಅದರಲ್ಲೊಬ್ಬ ಮುದುಕ ಹೇಳಿದ ಮಾತು ಕೇಳಿ ಮಾತ್ರ ನನ್ನ ಎದೆ ಧಸಕ್ಕೆಂದಿತು. ಕದನದ ಹಿಂದಿನ ರಾತ್ರಿ ಜೋರು ಮಳೆಯಾಗಿ ನೆಲವೆಲ್ಲ ಕೆಸರಾಗಿತ್ತಂತೆ. ಫಿರಂಗಿ ಎಳೆಯಲಾಗದೆ, ನೆಲ ಆರಲಿ ಎಂದು ನೆಪೋಲಿಯನ್ ಮಧ್ಯಾಹ್ನ ಆಗುವವರೆಗೆ ಕಾದನಂತೆ. ಅಷ್ಟು ಹೊತ್ತು ಸಿಕ್ಕಿದ್ದಕ್ಕೇ ಸಾಯಂಕಾಲ ಪ್ರಷ್ಯದ ಸೇನೆ ಬಂದು ಬ್ರಿಟಿಷರ ಜೊತೆ ಕೂಡಿಕೊಂಡು ನೆಪೋಲಿಯನ್ನನನ್ನು ಸೋಲಿಸಿತಂತೆ. ಮಳೆ ಬರದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು ಎಂದು ಅವನು ಹೇಳಿದ.

ಈ ಮಾತನ್ನು ನಾನು ಮೊದಲೇ ಓದಿದ್ದೆ. ಮೂವತ್ತೆರಡು ವರ್ಷದ ಹಿಂದೆ, ಅರ್ಧವಾರ್ಷಿಕ ಪರೀಕ್ಷೆಯ ಒಂದು ಉತ್ತರಪತ್ರಿಕೆಯಲ್ಲಿ. ಬರೆದವನು ನಮ್ಮ ತಿಗನಾರೆಯ ಜಡೆಸ್ವಾಮಿ, ಕೊನೇ ಬೆಂಚು, ಕೂಲಿಯವರ ಮನೆಯ ಹುಡುಗ. ಐದು ಕಾರಣ ಬರೆಯಿರಿ ಎಂದರೆ ಅವನು ಒಂದೇ ಬರೆದಿದ್ದ: ‘ಮಳೆ ಬಂದಿತ್ತು. ಹೊಲದಲ್ಲಿ ಗಾಡಿ ಹೂತುಕೊಂಡಿತು.’ ಯಾರು ಹೇಳಿದರೋ ಎಂದು ಗದರಿದ್ದಕ್ಕೆ, ಪುಸ್ತಕದ ಚಿತ್ರದಲ್ಲಿ ಗಾಲಿಗೆ ಕೆಸರು ಮೆತ್ತಿತ್ತು ಸಾ, ಎಂದ. ನಾನು ಅದನ್ನು ಇಡೀ ತರಗತಿಗೆ ಓದಿ ಹೇಳಿ ನಗಿಸಿ, ಅವನ ಅಂಗೈಗೆ ಕಾರಣಕ್ಕೊಂದರಂತೆ ಐದು ಏಟು ಹಾಕಿದೆ. ಮುಂದಿನ ವಾರದಿಂದ ಅವನು ಶಾಲೆಗೆ ಬರಲಿಲ್ಲ. ಈಗಲೂ ಇಲ್ಲೇ ಇದ್ದಾನೆ, ಕೂಲಿಗೆ ಹೋಗುತ್ತಾನೆ, ಎರಡು ದನ ಮೇಯಿಸುತ್ತಾನೆ, ಕಾಡುಹಂದಿ ಬಿಟ್ಟಷ್ಟು ರಾಗಿ ಕೊಯ್ಯುತ್ತಾನೆ.

ಇದನ್ನೆಲ್ಲ ಹೆಂಡತಿ ಚನ್ನಬಸಮ್ಮನಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

“ಅದಕ್ಯಾಕ್ ಇಷ್ಟ್ ಒದ್ದಾಡೀರಿ? ಅವ ಇಲ್ಲೇ ಕೆಳಗಲ ಬೀದೀಲವ್ನೆ. ಓಗಿ, ತಪ್ಪಾಯ್ತು ಕಣಪ್ಪಾ, ಒಡುದ್ಬುಟ್ಟೆ ಅಂದ್ಬುಟ್ಟು ಬನ್ನಿ. ಮುಗೀತು.”

“ಅಂಗೆಲ್ಲ ಓಗಿ ಯೋಳಕ್ಕಾಗಲ್ಲ ಕಣೆ. ಅವನ ಉತ್ತರ ಸರಿ ಅಂತ ಮೊದ್ಲು ರುಜುವಾತಾಗ್ಬೇಕು.”

“ಯಾರ್ಗೆ ರುಜುವಾತು? ಒಡಿಸ್ಕಂಡೋನ್ಗಾ, ಒಡುದೋರ್ಗಾ?”

ನನಗೆ ಮೈಯೆಲ್ಲ ಉರಿಯಿತು. ಈ ಹೆಂಗಸಿಗೆ ಇತಿಹಾಸದ ಗಂಭೀರತೆಯೇ ತಿಳಿಯದು. ಒಬ್ಬ ಮೇಷ್ಟ್ರು ಹಳೇ ವಿದ್ಯಾರ್ಥಿಯ ಮನೆ ಬಾಗಿಲಲ್ಲಿ ನಿಂತು ತಪ್ಪಾಯ್ತು ಅನ್ನುವುದೆಂದರೇನು? ನಾನು ಮನಸ್ಸಿನಲ್ಲಿ ಹಾಕಿಕೊಂಡದ್ದು ಇಷ್ಟು. ಊರಿನವರ ಎದುರಿಗೆ, ಮೇಜಿನ ಮೇಲೆ, ವಾಟರ್ಲೂ ಆಡಬೇಕು. ಕೆಸರಿನಿಂದ ನೆಪೋಲಿಯನ್ ತಡವಾಗಬೇಕು, ಪ್ರಷ್ಯದ ಸೇನೆ ಬರಬೇಕು, ಅವನು ಸೋಲಬೇಕು. ಆಗ ನಾನು ಎದ್ದು ನಿಂತು, ಜಡೆಸ್ವಾಮಿ ಬರೆದ ಉತ್ತರ ಸರಿ, ಹೊಡೆದ ನಾನು ತಪ್ಪು ಎಂದು ಘೋಷಿಸಬೇಕು. ಆ ಪ್ರಷ್ಯದ ಸೇನೆಯನ್ನು ನಡೆಸಿಕೊಂಡು ಬರುವವನೂ ಜಡೆಸ್ವಾಮಿಯೇ ಆಗಬೇಕು. ಕಲ್ಪಿಸಿಕೊಂಡೇ ನನ್ನ ಕಣ್ಣಲ್ಲಿ ನೀರು ಬಂತು.

ದೊಡ್ಡ ಮೇಜು ಇರುವುದು ಸಮುದಾಯ ಭವನದಲ್ಲಿ. ಭವನದ ಕಮಿಟಿಗೆ ತಲೈವರ್, ಅಂದರೆ ಅಧ್ಯಕ್ಷ, ಪ್ರಭುಸ್ವಾಮಿ. ಅವನೂ ನನ್ನ ಶಿಷ್ಯನೇ, ಜಡೆಸ್ವಾಮಿಯ ತರಗತಿಯವನೇ, ಆದರೆ ಮೊದಲ ಬೆಂಚು. ಅವರಪ್ಪನಿಗೆ ಬೇಕಾದಷ್ಟು ಜಮೀನಿತ್ತು, ಈಗ ಅದರಲ್ಲಿ ಅರಿಶಿನ ಬೆಳೆಯುತ್ತಾನೆ. ನಾನು ಹೇಳಿದ್ದನ್ನು ಅವನು ಅರ್ಧ ಕೇಳಿ ಎದ್ದು ನಿಂತ.

“ಜೀರಳ್ಳಿಯೋರು ಬರೀ ಕೇರಂ ಆಡ್ಬುಟ್ಟು ಪೇಪರ್ನಲ್ಲಿ ಪೋಟ ಆಕಿಸ್ಕಂಡವ್ರೆ ಸಾ. ನಾವು ಯುದ್ದನೇ ಮಾಡ್ಬುಡನ. ನೆಪೋಲಿಯನ್ ನಾನೇ.”

“ಅವನು ಸೋಲ್ತಾನೆ ಕಣಪ್ಪಾ.”

“ಸೋಲೋ ವಿಚಾರ ಆಮೇಕೆ ಕಮಿಟೀಲಿ ನೋಡ್ಕಳನ, ಬುಡಿ.”

ಬ್ರಿಟಿಷರ ದಂಡನಾಯಕ ವೆಲಿಂಗ್ಟನ್ ಆಗಲು ಪ್ರಭುಸ್ವಾಮಿಯ ದೊಡ್ಡಪ್ಪನ ಮಗ ಬಸವಣ್ಣ ಒಪ್ಪಿದ. ಹೊಲದ ಬದುವಿನ ವಿಚಾರಕ್ಕೆ ಅವರಿಬ್ಬರಿಗೂ ಏಳು ವರ್ಷದಿಂದ ಮಾತಿಲ್ಲ. ವೆಲಿಂಗ್ಟನ್ ಯಾರು, ಏನು ಎಂದು ಬಸವಣ್ಣ ಕೇಳಲಿಲ್ಲ. “ಅವ ಯಾವ್ ಕಡೆ? ಅಂಗಾದ್ರೆ ನಾ ಈ ಕಡೆ,” ಎಂದ, ಅಷ್ಟೇ.

ಪ್ರಷ್ಯದ ಕಡೆ ನಿಲ್ಲಲು ಮಾತ್ರ ಒಬ್ಬರೂ ಮುಂದೆ ಬರಲಿಲ್ಲ. ಅವರು ಸಾಯಂಕಾಲದವರೆಗೆ ಮೇಜಿನ ಹತ್ತಿರವೇ ಬರುವಂತಿಲ್ಲ ಎಂದು ಹೇಳಿದ್ದೇ ತಪ್ಪಾಯಿತು.

“ಸಾಯಂಕಾಲ ಬರೋರ್ಗೆ ಯಾವ್ ಮರ್ಯಾದೆ ಸಾ? ಅಷ್ಟೊತ್ಗೆ ಊಟ ಮುಗುದಿರ್ತದೆ,” ಎಂದ ಪ್ರಭುಸ್ವಾಮಿ.

ನಾನು ಕಾದಿದ್ದೇ ಅದಕ್ಕೆ. ಜಡೆಸ್ವಾಮಿ ನಿಲ್ಲಲಿ ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬಸವಣ್ಣ, “ಎಂಗೂ ಒರ್ಗಡೆ ತಾನೆ ಕೂತಿರೋದು? ಇರ್ಲಿ ಬುಡಿ,” ಎಂದ.

ಸೈನಿಕರನ್ನು ಮಾಡಿಕೊಟ್ಟವನು ಚಿಕ್ಕಸಿದ್ದ. ಲಂಟಾನದ ಕಡ್ಡಿಯಲ್ಲಿ ಪುಟ್ಟ ಆನೆಗಳನ್ನು ಕೆತ್ತಿ ಹಾಸನೂರಿನಲ್ಲಿ ಕಾರು ನಿಲ್ಲಿಸುವವರಿಗೆ ಮಾರುವುದು ಅವನ ಕಸುಬು. ಆನೆ ಬಿಟ್ಟು ಬೇರೇನೂ ಕೈಗೆ ಬರುವುದಿಲ್ಲ ಎಂದು ಮೊದಲೇ ಹೇಳಿದ್ದ. ಹಾಗಾಗಿ ನಮ್ಮ ವಾಟರ್ಲೂದಲ್ಲಿ ಮೂರು ಕಡೆಯ ಸೈನಿಕರಿಗೂ ಮೂಗು ಸ್ವಲ್ಪ ಉದ್ದ. ಹತ್ತು ಸೈನಿಕರಿಗೆ ಒಂದು ಹಲಗೆ, ಅದೊಂದು ಪಡೆ. ಮೂಲೆಯಲ್ಲಿ ಕೆಂಪು ಚುಕ್ಕೆ ಇದ್ದರೆ ಅದು ಕುದುರೆ ಪಡೆ, ಕರಿ ಚುಕ್ಕೆ ಇದ್ದರೆ ಫಿರಂಗಿ. ಫ್ರೆಂಚರಿಗೆ ಹನ್ನೆರಡು ಹಲಗೆ, ಬ್ರಿಟಿಷರಿಗೆ ಹನ್ನೆರಡು, ಪ್ರಷ್ಯಕ್ಕೆ ಎಂಟು.

ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ಒಂದೊಂದು ಮನೆಯವರು ಒಂದೊಂದು ಪಡೆಯನ್ನು ವಹಿಸಿಕೊಂಡು ಬಣ್ಣ ಹೊಡೆಸಿಕೊಡಿ ಎಂದುಬಿಟ್ಟೆ. ನಮ್ಮ ಕಡೆಯವರ ವಿಷಯ ಗೊತ್ತಿದ್ದೂ ಹಾಗೆಂದೆನಲ್ಲ, ನನ್ನ ಬುದ್ಧಿಗಿಷ್ಟು! ನಮ್ಮಲ್ಲಿ ಗುಡಿಗೆ ಒಂದು ಟ್ಯೂಬ್‌ಲೈಟ್ ಕೊಟ್ಟರೂ ಅದರ ಮೇಲೆ ಅಜ್ಜನಿಂದ ಮೊಮ್ಮಗನವರೆಗೆ ಹೆಸರು ಬರೆಸುತ್ತಾರೆ, ಬೆಳಕು ಹೊರಗೆ ಬರಲು ಜಾಗವೇ ಇರುವುದಿಲ್ಲ. ವಾರದೊಳಗೆ ಹಲಗೆಗಳೆಲ್ಲ ಹೊಳೆಯುತ್ತಾ ಬಂದವು. ನೆಪೋಲಿಯನ್ನನ ಖಾಸಾ ಕಾವಲು ಪಡೆಯ ಮುಂದೆ ಹಳದಿ ಅಕ್ಷರದಲ್ಲಿ, ‘ಸೇವಾರ್ಥ: ಲಿಂಗೈಕ್ಯ ಪುಟ್ಟಮಲ್ಲಮ್ಮನವರ ಜ್ಞಾಪಕಾರ್ಥ, ಮಗ ಪ್ರಭುಸ್ವಾಮಿ ಮತ್ತು ಕುಟುಂಬ’. ಸ್ಕಾಟ್ಲೆಂಡಿನ ಪಡೆಯ ಮುಂದೆ, ‘ಚಿರಂಜೀವಿ ಅನುಶ್ರೀಯ ಮೊದಲನೇ ಹುಟ್ಟುಹಬ್ಬದ ಪ್ರಯುಕ್ತ’. ಹೆಸರು ಕಾಣಬೇಕೆಂದು ಎಲ್ಲರೂ ತಮ್ಮ ಪಡೆ ಮುಂದಿನ ಸಾಲಿಗೇ ಬೇಕು ಎಂದು ಹಟ ಹಿಡಿದರು. ಹಿಂದಿನ ಸಾಲು ಎನ್ನುವುದೇ ಇಲ್ಲದ ಎರಡು ಸೇನೆ ತಯಾರಾಯಿತು.

ಪ್ರಷ್ಯದ ಎಂಟು ಹಲಗೆಗೆ ಯಾರೂ ಹೆಸರು ಕೊಡಲಿಲ್ಲ. ಅವು ಬಣ್ಣ ಕಾಣದೆ ಕಡ್ಡಿಯ ಬಣ್ಣದಲ್ಲೇ ಉಳಿದವು. ಅವರ ದಂಡನಾಯಕ ಬ್ಲೂಷರನಿಗೆ ಮಾತ್ರ ಚಿಕ್ಕಸಿದ್ದ ತಾನಾಗಿಯೇ, ಹೇಗೋ ಕಷ್ಟಪಟ್ಟು, ಒಂದು ಕುದುರೆ ಮಾಡಿಕೊಟ್ಟಿದ್ದ.

ಆಟದ ಹಿಂದಿನ ದಿನ ಜಡೆಸ್ವಾಮಿಯನ್ನು ಕರೆಸಿ ಮೇಜು ತೋರಿಸಿದೆ. ಆರು ಊಟದ ಮೇಜು ಜೋಡಿಸಿ, ಮೇಲೆ ಮದುವೆಗೆ ಹಾಸುವ ಹಸಿರು ಜಮಖಾನ ಹಾಸಿ, ಅದರ ಕೆಳಗೆ ಹೊಟ್ಟಿನ ಮೂಟೆ ಇಟ್ಟು ಗುಡ್ಡ ಮಾಡಿದ್ದೆ. ಕೆಸರು ತೋರಿಸಲು ನಡುವೆ ಗೋಣಿತಾಟು ಹಾಸಿದ್ದೆ. ಅವನು ಬಾಗಿಲಲ್ಲೇ ನಿಂತಿದ್ದ, ನಾಲ್ಕು ಸಾರಿ ಕರೆದ ಮೇಲೆ ಒಳಗೆ ಬಂದ.

“ನೋಡ್ಲಾ ಜಡೆಸ್ವಾಮಿ, ಗೋಣಿತಾಟಿನ ಮೇಲೆ ಫಿರಂಗಿ ಒಂದು ಸರದಿಗೆ ಅರ್ಧ ಗೇಣು ಮಾತ್ರ ಸರೀಬೇಕು. ನಾಕು ಸರದಿ ಆದ್ಮೇಲೆ ನೆಲ ಆರ್ತದೆ.”

ಅವನು ಗೋಣಿತಾಟನ್ನು ಬೆರಳಲ್ಲಿ ಒತ್ತಿ ನೋಡಿದ. “ಅಲ್ಲಿ ಯಾವ್ ಮಣ್ಣು ಸಾ? ಕೆಮ್ಮಣ್ಣಾದ್ರೆ ಒಂದ್ ಬಿಸ್ಲು ಬಿದ್ರೆ ಗಾಡಿ ಓಡ್ತದೆ. ಕರೀ ಮಣ್ಣಾದ್ರೆ ಮೂರ್ ದಿನ ಎತ್ತು ಕಾಲಿಕ್ಕಲ್ಲ.”

ಮೂವತ್ತೊಂದು ವರ್ಷ ವಾಟರ್ಲೂ ಪಾಠ ಮಾಡಿದ ನನಗೆ ಅಲ್ಲಿಯ ಮಣ್ಣು ಯಾವುದೆಂದು ಗೊತ್ತಿರಲಿಲ್ಲ. ನೋಡ್ತೀನಿ ಎಂದೆ. ನಾಳೆ ಐದು ಸರದಿ ಮುಗಿಯುವವರೆಗೆ ನೀನು ಜಗಲಿಯ ಬೆಂಚಿನ ಮೇಲೆ ನಿನ್ನ ಸೇನೆ ಇಟ್ಟುಕೊಂಡು ಕೂತಿರಬೇಕು, ಆರನೇ ಸರದಿಗೆ ನಾನು ಕೂಗುತ್ತೇನೆ, ಆಗ ಬಂದರೆ ಗೆಲ್ಲುವವನು ನೀನೇ ಎಂದು ವಿವರಿಸಿದೆ. ಯಾಕೆ ಅವನನ್ನೇ ಕರೆದೆ ಎಂಬುದನ್ನು ಹೇಳಲಿಲ್ಲ. ಹೇಳಬೇಕೆಂದು ನಾಲಗೆಯ ತುದಿಗೆ ಬಂತು, ಆದರೆ ರುಜುವಾತು ಇನ್ನೂ ಆಗಿರಲಿಲ್ಲವಲ್ಲ.

“ಕೂಲಿ ಒಂದ್ ದಿನ ಓಯ್ತದೆ ಸಾ,” ಎಂದ. ಆಮೇಲೆ ನನ್ನ ಮುಖ ನೋಡಿ, “ಆಗ್ಲಿ, ಬತ್ತೀನಿ,” ಎಂದ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕದನ ಎಂದು ಇಟ್ಟಿದ್ದೆ. ಒಂಬತ್ತರಿಂದ ಹತ್ತೂವರೆ ರಾಹುಕಾಲ ಎಂದು ಪ್ರಭುಸ್ವಾಮಿ ಬರಲೇ ಇಲ್ಲ. ಕಾಯುವುದಕ್ಕೆ ನೆಪೋಲಿಯನ್ನನಿಗೆ ಮಳೆಯಾದರೂ ಒಂದು ನೆಪವಿತ್ತು. ಹತ್ತೂವರೆಗೆ ಹೊಸ ಶರ್ಟು, ವಿಭೂತಿ, ಕೂಲಿಂಗ್ ಗ್ಲಾಸು ಹಾಕಿಕೊಂಡು ಬಂದ. ಊರಿನ ಅರ್ಧ ಜನ ಭವನದೊಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಜಡೆಸ್ವಾಮಿ ಎಂಟು ಗಂಟೆಗೇ ಬಂದು, ಜಗಲಿಯ ಬೆಂಚಿನ ಮೇಲೆ ಎಂಟು ಹಲಗೆಯನ್ನೂ ಒಪ್ಪವಾಗಿ ಜೋಡಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ.

ಆಟದ ತೀರ್ಪುಗಾರ ನಾನು. ದಾಳದಲ್ಲಿ ಐದು ಅಥವಾ ಆರು ಬಿದ್ದರೆ ಎದುರಿನ ಒಂದು ಹಲಗೆ ಸತ್ತಂತೆ, ಅದನ್ನು ಮೇಜಿನಿಂದ ಎತ್ತಬೇಕು ಎಂದು ಗಟ್ಟಿಯಾಗಿ ಸಾರಿದೆ. ಎಲ್ಲರೂ ತಲೆಯಾಡಿಸಿದರು. ಬಸವಣ್ಣ ದಾಳ ಎಸೆದ. ಆರು ಬಿತ್ತು. ನೆಪೋಲಿಯನ್ನನ ಕಾವಲು ಪಡೆ ಸತ್ತಿತು ಎಂದು ನಾನು ಹಲಗೆಗೆ ಕೈ ಹಾಕಿದೆ.

“ನಿಲ್ಸಿ ಸಾ!” ಪ್ರಭುಸ್ವಾಮಿ ನನ್ನ ಕೈ ಹಿಡಿದುಕೊಂಡ. “ಅದು ನಮ್ಮವ್ವ. ಒಂದ್ಸಾರಿ ಸತ್ತದ್ದು ಸಾಲ್ದಾ?”

“ಅವ್ವ ಅಲ್ಲ ಕಣಪ್ಪಾ, ಅದು ಫ್ರೆಂಚ್ ಪಡೆ.”

“ಎಸ್ರು ಓದಿ! ಯಾರ್ ಎಸ್ರದೆ? ಇಷ್ಟು ಜನದ್ ಮುಂದೆ ನಮ್ಮವ್ವನ್ ಎಸ್ರು ಎತ್ತಿ ಡಬ್ಬಿಗಾಕೀರಾ?”

ಸರಿ, ಅದು ಆಮೇಲಿರಲಿ ಎಂದು ಅವನ ಕೈಗೆ ದಾಳ ಕೊಟ್ಟೆ. ಅವನು ರೋಷದಿಂದ ಎಸೆದ. ಐದು. ಬ್ರಿಟಿಷರ ಕಡೆಯ ಸ್ಕಾಟ್ಲೆಂಡಿನ ಪಡೆ. ನಾನು ಕೈ ಚಾಚುವ ಮೊದಲೇ ಬಸವಣ್ಣನ ಸೊಸೆ ರಂಜಿನಿ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಮೇಜಿಗೇ ನುಗ್ಗಿಬಂದಳು.

“ಮಗೀನ್ ಎಸ್ರು ಬರ್ಸಿರೋದು ಮೇಷ್ಟ್ರೇ! ಸತ್ತೋಯ್ತು ಅಂತ ಎತ್ತೀರಾ? ಉಟ್ದಬ್ಬದ್ ಎಸ್ರಲ್ಲಿ? ಬಿಡ್ತು ಅನ್ನಿ!”

ಬಿಡ್ತು ಎಂದೆ. ಮೂರು ಸಾರಿ ಅನ್ನಿಸಿದಳು. ಕದನ ಶುರುವಾಗಿ ಹತ್ತು ನಿಮಿಷವಾಗಿತ್ತು, ಸಾಯಬಹುದಾದವರು ಮೇಜಿನ ಮೇಲೆ ಒಬ್ಬರೂ ಇರಲಿಲ್ಲ. ಒಂದು ಹಲಗೆಯಲ್ಲಿ ಅಪ್ಪ, ಒಂದರಲ್ಲಿ ಮನೆದೇವರು, ಒಂದರಲ್ಲಿ ಹೊಸ ಟ್ರ್ಯಾಕ್ಟರ್ ತಂದ ಸಂತೋಷ. ನೆಪೋಲಿಯನ್ನನೂ ವೆಲಿಂಗ್ಟನ್ನನೂ ಮೂಲೆಗೆ ಹೋಗಿ, ಏಳು ವರ್ಷದ ಮೇಲೆ ಮೊದಲ ಸಾರಿ, ತಲೆಗೆ ತಲೆ ಕೊಟ್ಟು ಮಾತಾಡಿದರು. ಬಂದು ಪ್ರಭುಸ್ವಾಮಿ ಕಮಿಟಿಯ ‘ತೀರ್ಮಾನಂ’ ಓದಿದ. ದಾಳ ಬಿದ್ದಂತೆ ಸಾವು ಆಗಲಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಎತ್ತುವ ಹಲಗೆ ಮಾತ್ರ ಹೆಸರಿಲ್ಲದವರದಾಗಿರಬೇಕು.

“ಹೆಸರಿಲ್ಲದವರು ಅಂದ್ರೆ ಪ್ರಷ್ಯದವರು ಮಾತ್ರ. ಅವರಿನ್ನೂ ಬಂದೇ ಇಲ್ವಲ್ಲಯ್ಯ!” ಎಂದೆ.

“ಬರ್ದೇ ಇರೋರ್ ಸತ್ರೆ ಯಾರ್ಗ್ ನಷ್ಟ ಸಾ?” ಎಂದ ಬಸವಣ್ಣ.

ತೀರ್ಪುಗಾರ ನಾನು. ಆಗುವುದಿಲ್ಲ ಎಂದು ದಾಳ ಎತ್ತಿ ಜೇಬಿಗೆ ಹಾಕಿಕೊಂಡಿದ್ದರೆ ಯಾರೂ ನನ್ನನ್ನು ಹೊಡೆಯುತ್ತಿರಲಿಲ್ಲ. ಆದರೆ ನಾನು ಲೆಕ್ಕ ಹಾಕಿದೆ. ಐದು ಸರದಿಯಲ್ಲಿ ಹೆಚ್ಚೆಂದರೆ ಐದಾರು ಹಲಗೆ ಹೋಗಬಹುದು, ಎರಡಾದರೂ ಉಳಿಯುತ್ತವೆ, ಎರಡು ಸಾಕು, ರುಜುವಾತು ಆಗುತ್ತದೆ, ನನ್ನ ಮಾತು ಹೇಳಬಹುದು. ಈಗ ಜಗಳ ತೆಗೆದರೆ ಭವನಕ್ಕೆ ಬೀಗ ಬೀಳುತ್ತದೆ. ಹೀಗೆಂದುಕೊಂಡು ಬಾಯಿ ಮುಚ್ಚಿಕೊಂಡೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಭವನ ನೋಡಿಕೊಳ್ಳುವ ನಂಜ ಹೊರಗೆ ಹೋಗಿ ಎರಡು ಹಲಗೆ ತಂದು ಡಬ್ಬಿಗೆ ಹಾಕಿದ. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಜಡೆಸ್ವಾಮಿ ಏನೂ ಕೇಳದೆ, ಉಳಿದ ಆರನ್ನು ನಡುವೆ ಜಾಗ ಬಿಡದಂತೆ ಒತ್ತಾಗಿ ಜೋಡಿಸುತ್ತಿದ್ದ.

ಸಾಯುವವರು ಬೇರೆಯವರು ಎಂದು ಗೊತ್ತಾದ ಮೇಲೆ ಇಬ್ಬರು ದಂಡನಾಯಕರಿಗೂ ಎಲ್ಲಿಲ್ಲದ ಶೌರ್ಯ ಬಂತು. ಅಲ್ಲಿಯವರೆಗೆ ತಮ್ಮ ಹಲಗೆಯನ್ನು ಒಂದು ಗೇಣು ಮುಂದೆ ಸರಿಸಲು ಹೆದರುತ್ತಿದ್ದವರು ಈಗ ತೊಡೆ ತಟ್ಟಿದರು. ಬಸವಣ್ಣ ಮೇಜಿನ ಮೇಲೆ ರಟ್ಟಿನಲ್ಲಿ ಮಾಡಿಟ್ಟಿದ್ದ ತೋಟದ ಮನೆಯ ಮರೆ ಬಿಟ್ಟು ಬಯಲಿಗೇ ನುಗ್ಗಿದ. ಪ್ರಭುಸ್ವಾಮಿ ಗುಡ್ಡಕ್ಕೆ ಕುದುರೆ ಪಡೆ ಹತ್ತಿಸಿದ. “ಬಾರ್ಲಾ ನೋಡ್ಬುಡನ!” “ನೀ ಬಾರ್ಲಾ!” ಜನ ಸಿಳ್ಳೆ ಹಾಕಿದರು. ದಾಳ ಉರುಳಿದಾಗಲೆಲ್ಲ ನಂಜ ಹೊರಗೆ ಹೋಗಿ ಬರುತ್ತಿದ್ದ.

ಆದರೂ ಹೇಳಬೇಕು, ಕೆಸರು ಮಾತ್ರ ಕೆಲಸ ಮಾಡಿತು. ನೆಪೋಲಿಯನ್ನನ ಫಿರಂಗಿಗಳು ಗೋಣಿತಾಟಿನ ಮೇಲೆ ಅರ್ಧರ್ಧ ಗೇಣು ತೆವಳುತ್ತಾ ನಾಲ್ಕನೇ ಸರದಿ ಕಳೆದರೂ ಗುಡ್ಡ ಮುಟ್ಟಲಿಲ್ಲ. “ಇದೇನ್ ಸಾ ದರಿದ್ರ ಕೆಸ್ರು!” ಎಂದು ಪ್ರಭುಸ್ವಾಮಿ ಹಲ್ಲು ಕಡಿದಾಗ ನನ್ನ ಎದೆ ಕುಣಿಯಿತು. ಕೇಳಿಸಿಕೊಳ್ಳಲಿ ಎಂದು ಕಿಟಕಿಯ ಕಡೆ ನೋಡಿದೆ. ಒಳಗೆ ಹೋಳಿಗೆ ಊಟ ನಡೆದಾಗ ಜಡೆಸ್ವಾಮಿಗೆ ಎಲೆ ಜಗಲಿಗೇ ಹೋಯಿತು. ಆಗ ಅವನ ಬೆಂಚಿನ ಮೇಲೆ ಮೂರು ಹಲಗೆ ಉಳಿದಿದ್ದವು.

ಐದನೇ ಸರದಿಯಲ್ಲಿ ಬಸವಣ್ಣನಿಗೆ ಆರು ಬಿತ್ತು. ಪ್ರಭುಸ್ವಾಮಿಗೆ ಐದು. ಕುದುರೆ ಪಡೆಗೆ ಇನ್ನೊಂದು ಎಸೆತ ಉಂಟು ಎಂದು ನಾನೇ ಬರೆದ ನಿಯಮವನ್ನು ತೋರಿಸಿ ಪ್ರಭುಸ್ವಾಮಿ ಮತ್ತೆ ಎಸೆದ. ನಾನು ಕಣ್ಣು ಮುಚ್ಚಿಕೊಂಡೆ. ಜನ ಹೋ ಎಂದು ಕೂಗಿದ್ದರಿಂದಲೇ ಗೊತ್ತಾಯಿತು. ನಂಜ ಎದ್ದು ಹೊರಗೆ ಹೋದ.

ಆರನೇ ಸರದಿ. ಎಂಥದೋ ಒಂದು ಹುಚ್ಚು ಆಸೆಯಿಂದ, “ಪ್ರಷ್ಯದ ಸೇನೆ ಬರಬಹುದು!” ಎಂದು ಕೂಗಿದೆ.

ಜಡೆಸ್ವಾಮಿ ಟವೆಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದ. ಅವನ ಅಂಗೈಯಲ್ಲಿ ಕುದುರೆಯ ಮೇಲೆ ಕೂತ ಬ್ಲೂಷರ್ ಒಬ್ಬನೇ ಇದ್ದ. “ಇವನೊಬ್ಬ ಉಳ್ದವ್ನೆ ಸಾ. ಮಿಕ್ಕೋರ್ನೆಲ್ಲ ನೀವು ಕೇಳುದ್ರಿ ಅಂತ ನಂಜ ಈಸ್ಕಂಡೋದ.”

ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಪ್ರಷ್ಯದವರು ಇಲ್ಲವಾದ್ದರಿಂದ ನೆಪೋಲಿಯನ್ ಗೆದ್ದಂತೆ ಎಂದು ಪ್ರಭುಸ್ವಾಮಿ ಸಾರಿದ. ಒಂದು ಹಲಗೆಯೂ ಬೀಳದೆ ನಿಂತಿರುವ ತಾನೂ ಗೆದ್ದಂತೆ ಎಂದು ಬಸವಣ್ಣ ಸಾರಿದ. ಅಷ್ಟರಲ್ಲಿ ಸತ್ಯಮಂಗಲದಿಂದ ಪೇಪರಿನವನು ಬಂದ. ಇಪ್ಪತ್ನಾಲ್ಕು ಹಲಗೆಗಳೂ ಹೆಸರು ಮುಂದೆ ಮಾಡಿಕೊಂಡು ಥಳಥಳ ಹೊಳೆಯುತ್ತಿದ್ದವು. ಇಷ್ಟು ಭರ್ಜರಿ ಯುದ್ಧದಲ್ಲಿ ಸತ್ತವರೆಷ್ಟು ಎಂದು ಅವನು ತಮಿಳಿನಲ್ಲಿ ಕೇಳಿದ. ನಮ್ಮವರು ಯಾರೂ ಇಲ್ಲ ಎಂದು ಪ್ರಭುಸ್ವಾಮಿ ಹೆಮ್ಮೆಯಿಂದ ಹೇಳಿದ.

ನನಗೆ ತಡೆಯಲಾಗಲಿಲ್ಲ. ರುಜುವಾತು ಹಾಳಾಗಿ ಹೋಗಲಿ! ಕುರ್ಚಿ ತಳ್ಳಿ ಎದ್ದು ನಿಂತೆ. ಮೇಷ್ಟ್ರು ಎದ್ದರು ಎಂದು ಹಳೇ ಅಭ್ಯಾಸಕ್ಕೆ ಭವನ ತಣ್ಣಗಾಯಿತು.

“ಎಲ್ರೂ ಕೇಳಿ. ಮೂವತ್ತೆರಡು ವರ್ಷದ ಹಿಂದೆ ಈ ಜಡೆಸ್ವಾಮಿ ಪರೀಕ್ಷೆಯಲ್ಲಿ ಬರೆದಿದ್ದ, ಮಳೆ ಬಂದು ಕೆಸರಾಗಿದ್ದಕ್ಕೆ ನೆಪೋಲಿಯನ್ ಸೋತ ಅಂತ. ನಾನು ಅವನಿಗೆ ಐದು ಏಟು ಹೊಡ್ದೆ. ಅವನ ಉತ್ತರ ಸರಿ ಇತ್ತು. ತಪ್ಪು ನಂದು. ನಿಮ್ಮೆಲ್ಲರ ಮುಂದೆ ಅವನ ಕ್ಷಮೆ ಕೇಳ್ತಾ ಇದೀನಿ.”

ಮೂವತ್ತೆರಡು ವರ್ಷದ ಭಾರ ಇಳಿಯಿತು ಎನ್ನಿಸಿ ಕಣ್ಣು ಒರೆಸಿಕೊಂಡೆ. ನಿಜ ಹೇಳುತ್ತೇನೆ, ಆ ಕ್ಷಣ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಜಡೆಸ್ವಾಮಿ ಏನನ್ನೋ ಹುಡುಕುವವನಂತೆ ಹಣೆ ಉಜ್ಜಿಕೊಂಡ.

“ಯಾವತ್ತಿಂದು ಸಾ ಅದು?”

“ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಕಣೋ. ಅಂಗೈಗೆ ಹೊಡ್ದೆ. ಆಮೇಲೆ ನೀನು ಸ್ಕೂಲೇ ಬಿಟ್ಟೆ.”

“ಇಸ್ಕೂಲ್ ಬುಟ್ಟದ್ದು ಅದಕ್ಕಲ್ಲ ಸಾ. ಅವಾಗ ನಮ್ಮಪ್ಪನ್ ಕಾಲು ಮುರ್ದಿತ್ತು, ದನ ಕಾಯೋರಿಲ್ಲ.” ಮತ್ತೆ ಹಣೆ ಉಜ್ಜಿಕೊಂಡ. “ಆ ಏಟು ಗ್ಯಾನ ಇಲ್ಲ ಸಾ ನಂಗೆ. ನೀವು ದಿನಾಲೂ ಒಡೀತಿದ್ರಲ್ಲ. ಅದ್ರಲ್ಲಿ ಯಾವ್ದೂ ಅಂತ ಗ್ಯಾನ ಮಡೀಕಳನ?”

ಭವನ ಬಿದ್ದು ಬಿದ್ದು ನಕ್ಕಿತು. ಪ್ರಭುಸ್ವಾಮಿ ಮೇಜು ತಟ್ಟಿದ. “ಊ ಸಾ, ದಿನಾಲೂ! ನಾ ಚಾಕ್‌ಪೀಸ್ ಎಸೀತಿದ್ದೆ, ನೀವು ತಿರುಗುದ್ರೆ ಏಟು ಕೊನೇ ಬೆಂಚ್ಗೇ ಬೀಳೋದು!”

ಜಡೆಸ್ವಾಮಿಯೂ ಪ್ರಭುಸ್ವಾಮಿಯ ಕಡೆ ನೋಡಿ ನಕ್ಕ. “ಅಂಗೇ ಸಾ. ಈ ಬುದ್ದಿಯೋರು ಎಸುದ್ರೂ ನಮ್ಗೇಯ, ನಮ್ ಕ್ಲಾಸ್ನಲ್ಲೇ ಇದ್ದ ಬಸವಣ್ಣೋರ ತಮ್ಮ ಎಸುದ್ರೂ ನಮ್ಗೇಯ.”

ಪ್ರಭುಸ್ವಾಮಿಗೆ ನಾನು ಎಂದಾದರೂ ಹೊಡೆದಿದ್ದೆನೇ? ನಿಂತಲ್ಲೇ ನೆನಪು ಮಾಡಿಕೊಂಡೆ. ಅವರಪ್ಪ ಗಾಡಿಯಲ್ಲಿ ಕಳಿಸುತ್ತಿದ್ದ ರಾಗಿ ನೆನಪಾಯಿತು. ಒಂದು ಏಟೂ ನೆನಪಾಗಲಿಲ್ಲ. ಈ ಕೆಲವು ವಾರ ಒಂದೇ ಒಂದು ದಿನದ ತಪ್ಪನ್ನು ಎದೆಯಲ್ಲಿಟ್ಟುಕೊಂಡು, ಉಳಿದ ದಿನಗಳಲ್ಲಿ ಒಳ್ಳೆಯ ಮೇಷ್ಟ್ರಾಗಿದ್ದೆ ಎಂದು ನಂಬಿ ನಿದ್ದೆ ಮಾಡಿದ್ದೆನಲ್ಲ. ನನಗೆ ಕುಳಿತುಕೊಳ್ಳಬೇಕು ಎನ್ನಿಸಿತು. ಕುರ್ಚಿ ದೂರ ಹೋಗಿತ್ತು.

ಪೇಪರಿನವನು ಫೋಟೋಗೆ ನಿಲ್ಲಿ ಎಂದು ಎಲ್ಲರನ್ನೂ ಮೇಜಿನ ಹಿಂದೆ ಸಾಲಾಗಿ ನಿಲ್ಲಿಸುತ್ತಿದ್ದ. ಆ ಗಲಾಟೆಯಲ್ಲಿ ಜಡೆಸ್ವಾಮಿ ನನ್ನ ಹತ್ತಿರ ಬಂದ. ದನ ಹೊಡೆದುಕೊಂಡು ಬರುವ ಹೊತ್ತಾಯಿತು ಎಂದು ಬ್ಲೂಷರನನ್ನು ನನ್ನ ಕೈಗೆ ಕೊಟ್ಟ. ಹೊರಟವನು ನಿಂತ. ಅವನ ಮುಖದಲ್ಲಿ ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ. ತಿಳಿಯದ್ದನ್ನು ಮೇಷ್ಟ್ರ ಹತ್ತಿರ ಕೇಳುವ ಹುಡುಗನ ಹಾಗೆ ತಗ್ಗಿದ ದನಿಯಲ್ಲಿ ಕೇಳಿದ.

“ಅವತ್ತಿನ್ ಉತ್ರ ಸರಿ ಇತ್ತು, ಅದ್ಕೆ ಒಡುದ್ದು ತಪ್ಪು ಅಂದ್ರಲ್ಲ ಸಾ. ಮಿಕ್ಕಿದ್ ದಿನ ಉತ್ರ ಬರ್ಲಿಲ್ಲ ಅಂತ ಒಡುದ್ರಲ್ಲ, ಅದು ಸರೀನಾ?”

ನಾನು ಕೈಯಲ್ಲಿದ್ದ ಬ್ಲೂಷರನನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಜಗಲಿ ಇಳಿದು ಹೋದ.